ಕುವೆಂಪುನಗರದ ಗಂಧ, ವಿಯೆಟ್ನಾಮಿನ ಕಡ್ಡಿ

ಮೈಸೂರಿನ ಕುವೆಂಪುನಗರದಲ್ಲಿ ರಸ್ತೆಗಳಿಗೆ ಕವಿಯ ಮಾತುಗಳೇ ಹೆಸರು. ಪಂಚಮಂತ್ರ ರಸ್ತೆ, ಅನಿಕೇತನ ರಸ್ತೆ, ಉದಯರವಿ ರಸ್ತೆ, ವಿಶ್ವಮಾನವ ಡಬಲ್ ರೋಡ್. ಸಂಜೆ ಹೊತ್ತು ಕಾಂಪ್ಲೆಕ್ಸಿನ ಕಡೆ ನಡೆದರೆ ಹೂವಿನವರ ಬುಟ್ಟಿ, ತರಕಾರಿ ಗಾಡಿ, ಟ್ಯೂಷನ್ನಿಗೆ ಹೊರಟ ಮಕ್ಕಳು, ವಾಕಿಂಗ್ ಮುಗಿಸಿ ಕಟ್ಟೆಯ ಮೇಲೆ ಕೂತ ನಿವೃತ್ತರು ಸಿಗುತ್ತಾರೆ. ಇದು ಮನೆಗಳ ಬಡಾವಣೆ. ಕಾರ್ಖಾನೆಗಳೆಲ್ಲ ಹೆಬ್ಬಾಳ, ಮೇಟಗಳ್ಳಿಯ ಕಡೆ, ಸಮುದ್ರವಂತೂ ಘಟ್ಟದಾಚೆ. ಆದರೂ ಹೊರದೇಶದ ಸರಕು ನಮ್ಮ ಊರಿನ ಬದುಕಿಗೆ ಹೇಗೆ ಹೆಣೆದುಕೊಂಡಿದೆ ಎಂದು ನೋಡಲು ಇಲ್ಲಿಂದ ಬಹಳ ದೂರ ಹೋಗಬೇಕಿಲ್ಲ. ಯಾವುದಾದರೂ ಗ್ರಂಥಿಗೆ ಅಂಗಡಿ ಹೊಕ್ಕು ಊದುಬತ್ತಿಯ ಕಪಾಟಿನ ಮುಂದೆ ನಿಂತರೆ ಸಾಕು.

ಅರಿಶಿನ, ಕುಂಕುಮ, ಕರ್ಪೂರ, ಗೆಜ್ಜೆವಸ್ತ್ರಗಳ ಪಕ್ಕದಲ್ಲಿ ಮೇಲಿನಿಂದ ಕೆಳಗಿನವರೆಗೆ ಬಣ್ಣಬಣ್ಣದ ಪೊಟ್ಟಣ. ಹೆಚ್ಚಿನವುಗಳ ಬೆನ್ನಿನಲ್ಲಿ ಮೈಸೂರಿನ ವಿಳಾಸ. ಎನ್. ರಂಗರಾವ್ ಅವರು 1948ರಲ್ಲಿ ಈ ಊರಿನಲ್ಲೇ ಶುರುಮಾಡಿದ ಸೈಕಲ್ ಬ್ರ್ಯಾಂಡ್ ಇವತ್ತು ಹಲವಾರು ದೇಶಗಳಿಗೆ ಹೋಗುತ್ತದೆ. 'ಮೈಸೂರು ಅಗರಬತ್ತಿ'ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಊದುಬತ್ತಿ ನಮ್ಮದು ಎಂಬ ಹೆಮ್ಮೆಗೆ ಕಾರಣ ಉಂಟು.

ಆ ಕಡ್ಡಿಯ ಒಡಲಲ್ಲಿ ಏನಿದೆ ಎಂದು ನೋಡೋಣ. ನಡುವೆ ಬಿದಿರಿನ ಕಡ್ಡಿ. ಅದರ ಮೇಲೆ ಇದ್ದಿಲ ಪುಡಿ, ಮರದ ಪುಡಿ. ಅವೆರಡನ್ನೂ ಹಿಡಿದಿಡಲು ಜಿಗಟ್ ಪುಡಿ, ಅಂದರೆ ಮರದ ತೊಗಟೆಯ ಅಂಟು. ಇಷ್ಟಾದರೆ ಕಚ್ಚಾ ಬತ್ತಿ. ಕೊನೆಗೆ ಸುಗಂಧದ ಎಣ್ಣೆಯಲ್ಲಿ ಅದ್ದಿ ಒಣಗಿಸುತ್ತಾರೆ. ಮೈಸೂರಿನ ನಿಜವಾದ ಕಸುಬುದಾರಿಕೆ ಇರುವುದು ಈ ಕೊನೆಯ ಹಂತದಲ್ಲಿ, ಗಂಧ ಬೆರೆಸುವವರ ಮೂಗಿನಲ್ಲಿ. ಮಿಕ್ಕದ್ದರಲ್ಲಿ ಬಹುಪಾಲು ಎಷ್ಟೋ ವರ್ಷ ಹಡಗಿನಲ್ಲೇ ಬಂತು.

ಇದು ಹೇಗಾಯಿತು ಎಂಬುದಕ್ಕೆ ಲೆಕ್ಕ ಸಿಗುತ್ತದೆ. 2011ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕ ಶೇ 30ರಿಂದ 10ಕ್ಕೆ ಇಳಿಯಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕೊಟ್ಟ ಅಂಕಿಗಳ ಪ್ರಕಾರ, 2009ರಲ್ಲಿ 31 ಕೋಟಿ ರೂಪಾಯಿಯಷ್ಟಿದ್ದ ಆಮದು 2019ಕ್ಕೆ 546 ಕೋಟಿಗೆ ಮುಟ್ಟಿತು. ಮೊದಲು ಚೀನಾ, ಆಮೇಲೆ ಅದರ ಜೊತೆಗೇ ವಿಯೆಟ್ನಾಂ. ಕೈಯಲ್ಲಿ ಹೊಸೆಯುವುದು ಹೋಗಿ ಯಂತ್ರ ಬಂದಾಗ ಒಂದೇ ದಪ್ಪದ, ದುಂಡನೆಯ ಕಡ್ಡಿ ಬೇಕಾಯಿತು. ತ್ರಿಪುರಾದಿಂದ ಬರುತ್ತಿದ್ದದ್ದು ಕೈಯಲ್ಲಿ ಸೀಳಿದ ಚೌಕ ಕಡ್ಡಿ. ಯಂತ್ರದ ಬಾಯಿಗೆ ಅದು ಹೊಂದಲಿಲ್ಲ. ಸುಮಾರು 1.3 ಮಿಲಿಮೀಟರಿನ ದುಂಡು ಕಡ್ಡಿಯನ್ನು ಕಂಟೇನರುಗಟ್ಟಲೆ ಕಳಿಸುವವರು ಹೊರದೇಶದಲ್ಲಿದ್ದರು.

ಡಬಲ್ ರೋಡಿನಿಂದ ಒಳಗೆ ತಿರುಗಿದ ಒಂದು ಅಡ್ಡರಸ್ತೆಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡ ಸಣ್ಣ ಆಮದುದಾರರೊಬ್ಬರಿದ್ದಾರೆ. ಹೆಸರು ಬೇಡ ಎಂದರು. ಇಂಥವರ ಕೆಲಸ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಕಂಪನಿಗಳು ತಾವೇ ನೇರ ತರಿಸಿಕೊಳ್ಳುತ್ತವೆ. ಊರಿನ ಸಣ್ಣಪುಟ್ಟ ಬತ್ತಿ ಘಟಕಗಳಿಗೆ ಕಡ್ಡಿ, ಜಿಗಟ್ ಒದಗಿಸುವುದು ಇವರು. ಮೇಜಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಕಡ್ಡಿಯ ಕಟ್ಟುಗಳು, ಪುಡಿ ತುಂಬಿದ ಪ್ಲಾಸ್ಟಿಕ್ ಚೀಲಗಳು. ಒಂದು ಕಡ್ಡಿ ತೆಗೆದು ಬಗ್ಗಿಸಿ ತೋರಿಸಿದರು.

"ನೋಡಿ ಸಾರ್, ತೇವ ಜಾಸ್ತಿ ಇದ್ರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ. ಕಡಿಮೆ ಆದ್ರೆ ಮಿಷನ್ನಲ್ಲಿ ಪಟಪಟ ಮುರಿಯುತ್ತೆ. ಫೋಟೋ ನೋಡಿ ಆರ್ಡರ್ ಕೊಡೋ ಸಾಮಾನಲ್ಲ ಇದು."

ಚೀನಾ ಒಂದನ್ನೇ ನೆಚ್ಚಿಕೊಂಡಿದ್ದ ಅವರು ವಿಯೆಟ್ನಾಂ ಕಡೆ ಹೊರಳಿದ್ದಕ್ಕೆ ಕಾರಣ ಬೆಲೆಯೊಂದೇ ಅಲ್ಲ. ಒಂದೇ ಕಡೆಯಿಂದ ತರಿಸುವವನು ಆ ಕಡೆ ಬಾಗಿಲು ಮುಚ್ಚಿದ ದಿನ ಕೈಕಟ್ಟಿ ಕೂರಬೇಕು. ವಿಯೆಟ್ನಾಂ 1986ರ ಸುಧಾರಣೆಗಳಿಂದ ಮೇಲೆದ್ದು, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿ, ಅಮೆರಿಕ–ಚೀನಾ ಸುಂಕದ ಜಗಳದ ನಂತರ ಎಲ್ಲರ ಎರಡನೇ ಆಯ್ಕೆಯಾಗಿ ನಿಂತ ದೇಶ. ಥಾನ್ ಹೊಆ ಪ್ರಾಂತ್ಯದಲ್ಲಿ ಬಿದಿರಿನ ತೋಪುಗಳೇ ತೋಪುಗಳು. ಹನೋಯ್‌ನ ದಕ್ಷಿಣಕ್ಕೆ ಕ್ವಾಂಗ್ ಫು ಕೌ ಎಂಬಲ್ಲಿ ಊರಿಗೆ ಊರೇ ಊದುಬತ್ತಿಯ ಕಡ್ಡಿ ಸೀಳಿ, ಕೆಂಪು ಬಣ್ಣ ಹಾಕಿ, ಅಂಗಳದಲ್ಲಿ ಹರಡುತ್ತದೆ. ನಮ್ಮ ಕೇಸರೆ, ರಾಜೀವನಗರ, ಉದಯಗಿರಿಯ ಮನೆಗಳಲ್ಲಿ ಹೆಂಗಸರು ಬತ್ತಿ ಹೊಸೆದದ್ದನ್ನು ಕಂಡವರಿಗೆ ಆ ಊರು ಪರಕೀಯ ಅನ್ನಿಸದು.

ಆದರೆ ದೇಶ ಬದಲಿಸಿದರೆ ಭದ್ರತೆ ಬಂತು ಎಂದು ನಾನು ಒಪ್ಪಲಾರೆ. 2019ರ ಆಗಸ್ಟ್ 31ರಂದು ಕೇಂದ್ರ ಸರ್ಕಾರ ಅಗರಬತ್ತಿಯ ಆಮದನ್ನು 'ಮುಕ್ತ' ಪಟ್ಟಿಯಿಂದ 'ನಿರ್ಬಂಧಿತ' ಪಟ್ಟಿಗೆ ಸರಿಸಿತು. ಪರವಾನಗಿ ಇಲ್ಲದೆ ಕಚ್ಚಾ ಬತ್ತಿ ತರುವಂತಿಲ್ಲ. ಮರುವರ್ಷ ಜೂನ್‌ನಲ್ಲಿ ಬಿದಿರು ಕಡ್ಡಿಯ ಸುಂಕ ಶೇ 10ರಿಂದ 25ಕ್ಕೇರಿತು. ಎರಡೂ ತೀರ್ಮಾನಗಳ ಉದ್ದೇಶ ಒಳ್ಳೆಯದೇ. ದೇಶಕ್ಕೆ ದಿನಕ್ಕೆ 1,490 ಟನ್ ಅಗರಬತ್ತಿ ಬೇಕು, ನಾವು ಮಾಡುವುದು 760 ಟನ್ ಎಂದು ಖಾದಿ ಆಯೋಗವೇ ಆಗ ಹೇಳಿತ್ತು. ಆ ಅಂತರವನ್ನು ನಮ್ಮ ಕೈಗಳೇ ತುಂಬಬೇಕೆನ್ನುವುದು ನ್ಯಾಯ. ಆದರೆ ಸುಂಕ ರಾತ್ರೋರಾತ್ರಿ ಬದಲಾದಾಗ ತಡೆದುಕೊಳ್ಳಲು ದೊಡ್ಡವರಿಗೆ ಗೋದಾಮಿದೆ, ಸಾಲವಿದೆ. ಒಂದು ಕಂಟೇನರನ್ನು ನಾಲ್ಕು ಜನ ಹಂಚಿಕೊಳ್ಳುವ ಕುವೆಂಪುನಗರದ ಈ ಕೋಣೆಗೆ ಅದಿಲ್ಲ. ಇಷ್ಟು ತಿಂಗಳ ನಂತರ ಜಾರಿ ಎಂದು ಮೊದಲೇ ಹೇಳುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ.

ಇನ್ನೊಂದು ತೊಡಕು ಕಾಗದದ್ದು. ವಿಯೆಟ್ನಾಂ ಕೂಡ ಇರುವ ಆಸಿಯಾನ್ ಕೂಟದ ಜೊತೆ ಭಾರತದ ವ್ಯಾಪಾರ ಒಪ್ಪಂದ 2010ರ ಜನವರಿಯಿಂದ ಜಾರಿಯಲ್ಲಿದೆ. ಅದರ ರಿಯಾಯಿತಿ ಸುಂಕ ಕೇಳುವ ಸರಕಿಗೆ ಮೂಲದ ಪ್ರಮಾಣಪತ್ರ ಬೇಕು. ಸಾಮಾನ್ಯ ನಿಯಮದಂತೆ ಮೌಲ್ಯದ ಶೇ 35ರಷ್ಟಾದರೂ ಆಸಿಯಾನ್ ದೇಶಗಳಲ್ಲೇ ಹುಟ್ಟಿರಬೇಕು. ಚೀನಾದ ಸರಕಿಗೆ ವಿಯೆಟ್ನಾಮಿನ ಚೀಟಿ ಅಂಟಿಸಿ ಕಳಿಸುವುದನ್ನು ತಡೆಯಲು 2020ರ ಸೆಪ್ಟೆಂಬರ್ 21ರಿಂದ ಹೊಸ ಕಸ್ಟಮ್ಸ್ ನಿಯಮ ಬಂತು. ಪ್ರಮಾಣಪತ್ರ ಮಾತ್ರ ಸಾಲದು. ಸರಕು ಅಲ್ಲಿ ಹೇಗೆ ತಯಾರಾಯಿತು ಎಂಬ ವಿವರವನ್ನು ಆಮದುದಾರನೇ ತಿಳಿದಿಟ್ಟುಕೊಂಡು, ದಾಖಲೆಯನ್ನು ಐದು ವರ್ಷ ಕಾಪಿಡಬೇಕು. ಕಳಿಸಿದವನು ಸುಳ್ಳು ಹೇಳಿದರೂ ಇಲ್ಲಿ ಉತ್ತರ ಕೊಡುವವನು ಇವನೇ. ಐನೂರು ರೂಪಾಯಿ ಕಟ್ಟಿದರೆ ಆಮದು–ರಫ್ತು ಸಂಕೇತ ಸಂಖ್ಯೆ ಸಿಕ್ಕಿಬಿಡುತ್ತದೆ. ಅದನ್ನು ನಂಬಿ ಇಳಿದ ಹುಡುಗರು ಮುಗ್ಗರಿಸುವುದು ಈ ಹಂತದಲ್ಲಿ. ಹೊರದೇಶದ ಸರಕಿಗೆ ಕೈಹಾಕುವವರು ಆ ಊರಿಗೆ ಒಮ್ಮೆಯಾದರೂ ಹೋಗಿ, ಬಿದಿರು ಸೀಳುವುದನ್ನು ಕಣ್ಣಾರೆ ಕಂಡು ಬರಲಿ. ಅಲ್ಲಿ ಗೋದಾಮು ಮಾತ್ರ ಇದ್ದು ಯಂತ್ರ ಇಲ್ಲದಿದ್ದರೆ ಅರ್ಥ ಆಗಿಹೋಗುತ್ತದೆ.

ಹೊರಗಿನದೆಲ್ಲ ಬೇಡ ಎನ್ನುವವರಿಗೆ ಜಿಗಟ್‌ನ ವಿಷಯ ಹೇಳಬೇಕು. ಒಂದು ಕಾಲಕ್ಕೆ ಇದಕ್ಕಾಗಿ ನಮ್ಮ ಪಶ್ಚಿಮ ಘಟ್ಟದ ಗುಳಮಾವಿನ ತೊಗಟೆಯನ್ನು ಸುಲಿದು ಸುಲಿದು ನಿಂತ ಮರಗಳನ್ನೇ ಒಣಗಿಸಿದರು. ವಿಯೆಟ್ನಾಮಿನಿಂದ ಬರುವ ಪುಡಿ ನಮ್ಮ ಕಾಡಿನ ಮೇಲಿನ ಹೊರೆಯನ್ನು ಅಷ್ಟರಮಟ್ಟಿಗೆ ಇಳಿಸುತ್ತದೆ. ಆದರೆ ಅಲ್ಲಿಯ ಕಾಡಿನ ಮೇಲೆ ಏರಿಸುತ್ತದೆ ಎಂಬುದೂ ಅಷ್ಟೇ ಸತ್ಯ. ಎರಡನ್ನೂ ಉಳಿಸಬೇಕೆಂದರೆ ಗುಳಮಾವನ್ನು ತೋಟದ ಬೆಳೆಯಂತೆ ನೆಡಬೇಕು.

ಬಿದಿರಿನದು ಬೇರೆ ಲೆಕ್ಕ. ಕಬಿನಿ, ನಾಗರಹೊಳೆಯ ಕಡೆ ಬಿದಿರಿಗೆ ಬರವಿಲ್ಲ, ಆದರೆ ನಮ್ಮ ಹೆಬ್ಬಿದಿರಿಗೆ ಮುಳ್ಳು ಹೆಚ್ಚು, ಗೆಣ್ಣು ಹತ್ತಿರ. ಉದ್ದ ಗೆಣ್ಣಿನ ಬಿದಿರು ಈಶಾನ್ಯ ರಾಜ್ಯಗಳಲ್ಲಿ ಬೆಳೆಯುತ್ತದೆ. 2017ರಲ್ಲಿ ಅರಣ್ಯ ಕಾಯ್ದೆ ತಿದ್ದಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು 'ಮರ'ದ ಪಟ್ಟಿಯಿಂದ ತೆಗೆದ ಮೇಲೆ ಅದನ್ನು ಕಡಿದು ಸಾಗಿಸುವುದು ಸಲೀಸಾಯಿತು. ಹಾಗಿದ್ದೂ ನಮ್ಮ ಕಡ್ಡಿ ತುಟ್ಟಿ. ಖಾದಿ ಆಯೋಗ ಹೇಳುವಂತೆ ಬಿದಿರಿನಲ್ಲಿ ಶೇ 16 ಮಾತ್ರ ಕಡ್ಡಿಯಾಗುತ್ತದೆ, ಉಳಿದ 84 ದಂಡ. ಆ ಚೂರುಪಾರನ್ನು ಸುಟ್ಟು ಇದ್ದಿಲು ಮಾಡಿ ಮಾರಿದರೆ ಕಡ್ಡಿಯ ಬೆಲೆ ಇಳಿಯುತ್ತದೆ. ಬಿದಿರಿದ್ದಿಲ ರಫ್ತಿಗೆ ನಮ್ಮಲ್ಲಿ ಇದ್ದ ನಿಷೇಧ ತೆರವಾದದ್ದು 2022ರ ಮೇ ತಿಂಗಳಲ್ಲಿ. ವಿಯೆಟ್ನಾಮಿನ ಕಡ್ಡಿ ಅಗ್ಗವೆಂದು ಗೊಣಗುವ ಮುಂಚೆ ನಮ್ಮ ತ್ಯಾಜ್ಯದ ಲೆಕ್ಕ ಸರಿಮಾಡಿಕೊಳ್ಳಬೇಕು.

ಹೊರಡುವಾಗ ಅವರು ಮೇಜಿನ ತುದಿಯಲ್ಲಿದ್ದ ಇನ್ನೊಂದು ಕಟ್ಟು ಎತ್ತಿದರು. ಅಸ್ಸಾಮಿನ ದುಂಡು ಕಡ್ಡಿ, ಹೊಸ ಯಂತ್ರದಲ್ಲಿ ಸೀಳಿದ್ದು. ಬಣ್ಣ ಕೊಂಚ ಮಾಸಲು, ತುದಿಯಲ್ಲಿ ಅಲ್ಲಲ್ಲಿ ಸಿಬಿರು. ಮುಂದಿನ ಲೋಡಿನಲ್ಲಿ ಕಾಲುಭಾಗ ಇದನ್ನೇ ತರಿಸುತ್ತಾರಂತೆ, ಉಳಿದದ್ದು ವಿಯೆಟ್ನಾಮಿನದು. ಎರಡನ್ನೂ ಒಂದೇ ಯಂತ್ರಕ್ಕೆ ಕೊಟ್ಟು, ಸಾವಿರಕ್ಕೆ ಎಷ್ಟು ಮುರಿಯುತ್ತವೆ ಎಂದು ಬತ್ತಿ ಘಟಕದವರ ಕೈಲೇ ಎಣಿಸಿ, ದಸರೆಯ ಗಿರಾಕಿ ಮುಗಿದ ಮೇಲೆ ಪಾಲು ಹೆಚ್ಚಿಸುವುದೋ ಬಿಡುವುದೋ ತೀರ್ಮಾನಿಸುತ್ತಾರೆ.