ಸೋರುವ ತೊಟ್ಟಿಗೆ ಸ್ಕೇಲು ಹಿಡಿದಾಗ

‘ರಾತ್ರಿ ತುಂಬಿಸಿದ ಟಬ್ ಬೆಳಿಗ್ಗೆ ಅರ್ಧ ಖಾಲಿ’ ಎಂದು ಮೂಡಿಗೆರೆ ಕಡೆಯ ಹೋಂಸ್ಟೇ ಮಾಲೀಕರೊಬ್ಬರು ನನ್ನ ಸೋದರಮಾವನಿಗೆ ಫೋನ್ ಮಾಡಿದ್ದು ಫೆಬ್ರುವರಿ ಕೊನೆಯಲ್ಲಿ. ಮಾವ ಪ್ಲಂಬರ್. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅರ್ಜಿಗಳನ್ನು ಕಳಿಸುತ್ತಾ ಮನೆಯಲ್ಲಿರುವ ನಾನು ಆಗಾಗ ಅವರ ಜೊತೆ ಸ್ಪ್ಯಾನರ್ ಹಿಡಿಯಲು ಹೋಗುತ್ತೇನೆ.

ಟಬ್ ಎಂದರೆ ಬಾತ್‌ರೂಮಿನ ಟಬ್ ಅಲ್ಲ, ಐದಾರು ಜನ ಕೂರುವ ಬಿಸಿನೀರಿನ ತೊಟ್ಟಿ. ನಮ್ಮಲ್ಲಿ ಎಲ್ಲರೂ ಅದನ್ನು ‘ಜಕೂಜಿ’ ಎನ್ನುತ್ತಾರೆ. ಅದು ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಒಂದು ಕುಟುಂಬದ ಹೆಸರು. ಕ್ಯಾಂಡಿಡೊ ಜಕೂಜಿ ಎಂಬುವರು ಸಂಧಿವಾತದಿಂದ ನರಳುತ್ತಿದ್ದ ಮಗನಿಗಾಗಿ ಸ್ನಾನದ ತೊಟ್ಟಿಯಲ್ಲಿ ಇಡುವಂಥ ಪಂಪು ಮಾಡಿದರು. 1968ರಲ್ಲಿ ಅದೇ ಕುಟುಂಬದ ರಾಯ್ ಜಕೂಜಿ ತೊಟ್ಟಿ, ಪಂಪು, ಜೆಟ್ ಎಲ್ಲವನ್ನೂ ಒಂದೇ ಸರಕಾಗಿ ಮಾಡಿ ಮಾರುಕಟ್ಟೆಗೆ ತಂದರು. ಡಾಲ್ಡಾ, ಜೆರಾಕ್ಸ್‌ಗಳ ಹಾಗೆ ಕಂಪನಿಯ ಹೆಸರೇ ವಸ್ತುವಿನ ಹೆಸರಾಯಿತು. ನಾವು ನೋಡಲು ಹೋದ ತೊಟ್ಟಿ ಬೇರೆ ಯಾವುದೋ ಕಂಪನಿಯದು. ಬಾಗಿಲು ಮುಚ್ಚಿದ ರೆಸಾರ್ಟ್ ಒಂದರಿಂದ ಗೌಡರು ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಆರು ತಿಂಗಳು ಶೆಡ್ಡಿನಲ್ಲಿ ಒಣಗಿ, ಪಿಕಪ್‌ನಲ್ಲಿ ಮಗ್ಗುಲಾಗಿ ಮಲಗಿ ಘಟ್ಟದ ತಿರುವುಗಳನ್ನೆಲ್ಲ ಸುತ್ತಿ ಬಂದಿತ್ತು.

ಸಮಸ್ಯೆ ಬರೀ ಅತಿಥಿಗಳದ್ದಾಗಿದ್ದರೆ ಗೌಡರು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಫೆಬ್ರುವರಿ, ಮಾರ್ಚ್ ಎಂದರೆ ರೊಬಸ್ಟಾ ಕಾಫಿ ಗಿಡಕ್ಕೆ ಹೂ ಬಿಡಿಸುವ ನೀರು ಬೇಕಾದ ಕಾಲ. ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ತೋಟಕ್ಕೂ ಮನೆಗೂ ಅದೇ ಕೆರೆ. ಒಂದು ಕಡೆ ಪರೀಕ್ಷೆ ಮುಗಿದ ಮೇಲೆ ಬರುವವರ ಬುಕಿಂಗ್, ಇನ್ನೊಂದು ಕಡೆ ತಳ ಕಾಣುತ್ತಿರುವ ಕೆರೆ. ಗುಜರಿಯವನು ಆಗಲೇ ಬಂದು ದರ ಹೇಳಿ ಹೋಗಿದ್ದ. ‘ಬಚ್ಚಲ ಹಂಡೆ ನಲವತ್ತು ವರ್ಷದಿಂದ ಒಂದು ತೊಟ್ಟೂ ಸೋರಿಲ್ಲ’ ಎಂದು ಗೌಡರ ತಾಯಿ ನಮಗೆ ಕಾಫಿ ಕೊಡುವಾಗ ಹೇಳಿದರು. ಅದು ಮಗನಿಗೆ ಹೇಳಿದ ಮಾತೆಂದು ಎಲ್ಲರಿಗೂ ಗೊತ್ತಾಯಿತು.

ಮಾವ ಮೊದಲು ನೋಡಿದ್ದು ನೀರನ್ನಲ್ಲ, ಕರೆಂಟನ್ನು. ಮೂರು ಕಿಲೋವ್ಯಾಟ್ ಹೀಟರ್ ಇರುವ ನೀರಿನ ತೊಟ್ಟಿ. ಲೈನಿನಲ್ಲಿ ಎಂಸಿಬಿ ಮಾತ್ರ ಇತ್ತು, ಆರ್‌ಸಿಸಿಬಿ ಇರಲಿಲ್ಲ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಮೈಮೂಲಕ ನೆಲಕ್ಕೆ ಹರಿಯುವ ಸಣ್ಣ ಕರೆಂಟನ್ನು ಗುರುತಿಸಿ ಕಡಿಯಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು. ‘ಅದು ಬರೋ ತನಕ ಇದನ್ನ ಆನ್ ಮಾಡಬೇಡಿ ಗೌಡ್ರೇ’ ಎಂದು ಮೇನ್ ಇಳಿಸಿ, ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಪಕ್ಕದ ಹಲಗೆಯ ಸ್ಕ್ರೂ ಬಿಚ್ಚಿದರು.

ಒಳಗೆ ಹೀಟರಿನ ಯೂನಿಯನ್ ಕೆಳಗೆ ಹನಿ ಬೀಳುತ್ತಿತ್ತು. ಮೊದಲು ಬಂದಿದ್ದ ಮೆಕ್ಯಾನಿಕ್ ಅದರ ಮೇಲೆ ಎಪಾಕ್ಸಿಯ ಮುದ್ದೆ ಮೆತ್ತಿದ್ದ, ಮುದ್ದೆಯ ಅಂಚಿನಿಂದಲೇ ಹನಿ ಇಳಿಯುತ್ತಿತ್ತು. ‘ನೋಡಿ, ಇದೇ’ ಎಂದರು ಗೌಡರು. ಕಣ್ಣಿಗೆ ಬಿದ್ದ ಹನಿಯೇ ಅಪರಾಧಿ ಎಂದು ಯಾರಿಗಾದರೂ ಅನಿಸುತ್ತದೆ. ಮಾವ ಮಾತ್ರ ಒಂದು ಲೋಟ ಕೇಳಿದರು. ಹತ್ತು ನಿಮಿಷ ಹನಿಯ ಕೆಳಗೆ ಲೋಟ ಹಿಡಿದು, ಕೂಡಿದ ನೀರನ್ನು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದೆವು. 30 ಮಿ.ಲೀ. ಅಂದರೆ ದಿನಕ್ಕೆ ಸುಮಾರು ನಾಲ್ಕೂಕಾಲು ಲೀಟರ್.

ಇನ್ನು ತೊಟ್ಟಿಯ ಲೆಕ್ಕ. ನೀರಿನ ಮೇಲ್ಮೈ ಹೆಚ್ಚುಕಡಿಮೆ 1.8 ಮೀಟರ್ ಉದ್ದ, ಅಷ್ಟೇ ಅಗಲ. ಮಟ್ಟ ಒಂದು ಸೆಂ.ಮೀ. ಇಳಿದರೆ 32 ಲೀಟರ್ ಹೋದಂತೆ. ಈ ಹನಿ ದಿನವಿಡೀ ತೊಟ್ಟಿಕ್ಕಿದರೂ ಮಟ್ಟ ಇಳಿಯುವುದು ಒಂದು ಮಿ.ಮೀ.ಗಿಂತ ತುಸು ಹೆಚ್ಚು, ಅಷ್ಟೆ. ‘ಅರ್ಧ ಖಾಲಿ’ ಎಂಬ ಮಾತಿಗೂ ಒಂದು ಮಿ.ಮೀ.ಗೂ ಎಲ್ಲಿಯ ಸಂಬಂಧ? ಹಾಗಾದರೆ ದೊಡ್ಡ ತೂತು ಇನ್ನೆಲ್ಲೋ ಇದೆ.

ಅವತ್ತು ನಾವು ಬೇರೇನೂ ಬಿಚ್ಚಲಿಲ್ಲ. ತಣ್ಣೀರು ತುಂಬಿಸಿದೆವು. ಬಿಸಿನೀರು ಹಾಕಿದ್ದರೆ ಲೆಕ್ಕ ಕೆಡುತ್ತಿತ್ತು, ಏಕೆಂದರೆ 40 ಡಿಗ್ರಿಯ 1,200 ಲೀಟರ್ ನೀರು 20 ಡಿಗ್ರಿಗೆ ತಣಿಯುವಾಗ ಸೋರಿಕೆಯೇ ಇಲ್ಲದೆ ಸುಮಾರು 7 ಲೀಟರಿನಷ್ಟು ಕುಗ್ಗುತ್ತದೆ. ತೊಟ್ಟಿಯ ಗೋಡೆಗೆ ಅಂಟುಪಟ್ಟಿ ಹಚ್ಚಿ ಗುರುತು ಮಾಡಿದೆವು. ಒಳಗಿನ ಆಸನದ ಮೇಲೆ ಅದೇ ನೀರು ತುಂಬಿದ ಬಕೆಟ್ ಒಂದನ್ನು ಇಟ್ಟು ಅದಕ್ಕೂ ಗುರುತು ಹಾಕಿದೆವು. ಆವಿಯಾಗಿ ಹೋಗುವ ನೀರು ಎರಡರಲ್ಲೂ ಒಂದೇ ಸಮ ಇಳಿಯಬೇಕು. ಬಕೆಟ್ಟಿಗಿಂತ ತೊಟ್ಟಿಯಲ್ಲಿ ಹೆಚ್ಚು ಇಳಿದದ್ದೆಲ್ಲ ಸೋರಿಕೆ. ಪಂಪು ಬಂದ್, ಮುಚ್ಚಳ ಬಂದ್. ಹನ್ನೆರಡು ಗಂಟೆಗೊಮ್ಮೆ ಸ್ಕೇಲು ಇಟ್ಟು ಫೋಟೊ ಕಳಿಸಿ ಎಂದು ಗೌಡರಿಗೆ ಹೇಳಿ ಮನೆಗೆ ಬಂದೆವು. ‘ರಿಪೇರಿಗೆ ಬಂದು ಬಕೆಟ್ ಇಟ್ಟು ಹೋದರಲ್ಲ’ ಎಂಬ ಭಾವ ಅವರ ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಮೊದಲ ಫೋಟೊ: 9 ಸೆಂ.ಮೀ. ಅರ್ಧವೇನಲ್ಲ. ಆದರೂ ಸುಮಾರು 290 ಲೀಟರ್, ಹದಿನೈದು ಲೀಟರಿನ ಇಪ್ಪತ್ತು ಬಿಂದಿಗೆಗೆ ಸ್ವಲ್ಪವೇ ಕಡಿಮೆ. ಬಕೆಟ್ಟಿನಲ್ಲಿ ಕಾಣುವಷ್ಟು ಇಳಿದಿರಲಿಲ್ಲ. ಎರಡನೆಯದು: ಇನ್ನೂ 5 ಸೆಂ.ಮೀ. ಮೂರನೆಯದು: 1 ಸೆಂ.ಮೀ. ಆಮೇಲೆ ನೀರು ಕದಲಲೇ ಇಲ್ಲ.

ಈ 9, 5, 1 ನೋಡಿ ನನಗೆ ಕೂರಲಾಗಲಿಲ್ಲ. ಫ್ಲುಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ ಟಾರಿಚೆಲ್ಲಿಯ ನಿಯಮ ಪರೀಕ್ಷೆಯ ಐದು ಅಂಕದ ಪ್ರಶ್ನೆಯಾಗಿಯೇ ತಲೆಯಲ್ಲಿ ಉಳಿದಿತ್ತು. ತೂತಿನಿಂದ ಚಿಮ್ಮುವ ನೀರಿನ ವೇಗ, ತೂತಿನ ಮೇಲೆ ನಿಂತ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಹಾಳೆ ತೆಗೆದುಕೊಂಡು ಕೂತೆ. ತೂತಿನ ಮೇಲೆ ಮೊದಲು 15 ಸೆಂ.ಮೀ. ನೀರು ಇತ್ತು, ಅದರ ವರ್ಗಮೂಲ 3.87. ಹನ್ನೆರಡು ಗಂಟೆಯ ನಂತರ ಉಳಿದದ್ದು 6, ವರ್ಗಮೂಲ 2.45. ಮತ್ತೆ ಹನ್ನೆರಡು ಗಂಟೆಗೆ ಉಳಿದದ್ದು 1, ಅದರ ವರ್ಗಮೂಲವೂ 1. ಪ್ರತಿ ಸಲವೂ ಹತ್ತಿರಹತ್ತಿರ 1.4ರಷ್ಟೇ ಕಡಿಮೆಯಾಗಿದೆ. ತೂತು ತಳದಲ್ಲಿದ್ದಿದ್ದರೆ ಅದರ ಮೇಲೆ 80 ಸೆಂ.ಮೀ. ನೀರು ಇರುತ್ತಿತ್ತು, ಒಂಬತ್ತು ಇಳಿದರೂ ವೇಗದಲ್ಲಿ ದೊಡ್ಡ ವ್ಯತ್ಯಾಸ ಬರುತ್ತಿರಲಿಲ್ಲ. ಇಷ್ಟು ಬೇಗ ಸುಸ್ತಾಗಿ ನಿಂತಿದೆ ಎಂದರೆ ತೂತು ಮೇಲೆಯೇ ಇದೆ, ನೀರು ನಿಂತ ಗೆರೆಯಲ್ಲಿ. ಒಂದೇ ತೂತು, ಮತ್ತು ಸಣ್ಣದು. ಹರಿವಿನಿಂದ ಲೆಕ್ಕ ಹಾಕಿದರೆ ಮೂರು ಮಿ.ಮೀ. ಆಸುಪಾಸು.

ಮಾವನಿಗೆ ತೋರಿಸಿದೆ. ಅವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ‘ನಿಂತಲ್ಲಿ ತೂತು ಅಂತ ನನಗೂ ಗೊತ್ತು ಮಾರಾಯ, ಎಷ್ಟು ದಪ್ಪ ಅಂತ ಮಾತ್ರ ಗೊತ್ತಿರಲಿಲ್ಲ’ ಎಂದರು.

ಮಾರನೆಯ ದಿನ ಹೋದಾಗ ನೀರಿನ ಗೆರೆಯ ನೇರಕ್ಕೆ ತೊಟ್ಟಿಯ ಸುತ್ತ ಆರು ಜೆಟ್, ಒಂದು ದೀಪ ಇದ್ದವು. ಅವು ಮುಳುಗುವಂತೆ ನಾಲ್ಕು ಬೆರಳು ನೀರು ಏರಿಸಿದೆವು. ಅಡುಗೆಮನೆಯಿಂದ ಕೇಸರಿಭಾತಿಗೆ ಹಾಕುವ ಬಣ್ಣ ತಂದು ನೀರಿನಲ್ಲಿ ಕದಡಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದು, ಒಂದೊಂದು ಜೆಟ್ಟಿನ ಬಾಯಿ ಬಳಿ ನಿಧಾನವಾಗಿ ಬಿಟ್ಟೆವು. ಪಂಪು ನಿಂತಿರಬೇಕು, ನೀರು ಅಲುಗಬಾರದು, ಅವಸರ ಕೂಡದು. ನಾಲ್ಕು ಕಡೆ ಬಣ್ಣ ಮೋಡದಂತೆ ಹರಡಿ ಅಲ್ಲೇ ನಿಂತಿತು. ಮೂಲೆ ಆಸನದ ಅಕ್ಕಪಕ್ಕದ ಎರಡು ಜೆಟ್‌ಗಳಲ್ಲಿ ನೂಲಿನಂತೆ ಎಳೆದುಕೊಂಡು ಒಳಗೆ ಹೋಯಿತು. ಜೆಟ್ಟಿನ ಅಂಚಿನಲ್ಲಿ ನುಗ್ಗಿದ್ದರೆ ಗ್ಯಾಸ್ಕೆಟ್ ಹೋಗಿದೆ ಎನ್ನಬಹುದಿತ್ತು. ಬಾಯೊಳಗೇ ಹೋದದ್ದರಿಂದ ತೂತು ಹಿಂದಿನ ಪೈಪಿನಲ್ಲಿ.

ಆ ಮೂಲೆಯ ಹಲಗೆ ತೆಗೆದಾಗ ಗೌಡರು ಬೇಡವೆಂದರು, ಏಕೆಂದರೆ ನೀರು ಹೊರಗೆ ಬರುತ್ತಿದ್ದುದು ಎದುರಿನ ಮೂಲೆಯಲ್ಲಿ. ಮೊದಲಿನ ಮೆಕ್ಯಾನಿಕ್ ಅಗೆದದ್ದೂ ಅಲ್ಲೇ. ಇಂಥ ತೊಟ್ಟಿಗಳ ಹಿಂದೆ ಶಾಖ ಹಿಡಿದಿಡಲು ಫೋಮ್ ತುಂಬಿರುತ್ತಾರೆ. ಸೋರಿದ ನೀರು ಫೋಮಿನ ಸಂದಿಯಲ್ಲಿ ದಾರಿ ಮಾಡಿಕೊಂಡು, ನೆಲ ಎತ್ತ ವಾಲಿದೆಯೋ ಅತ್ತ ಹೋಗಿ ಹೊರಬೀಳುತ್ತದೆ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಒಡೆದ ಹೆಂಚು ಎಲ್ಲೋ, ಪಾತ್ರೆ ಇಡುವುದು ಎಲ್ಲೋ.

ಬ್ರೆಡ್ ಕೊಯ್ಯುವ ಚಾಕುವಿನಿಂದ ಫೋಮನ್ನು ಇಟ್ಟಿಗೆಯಂಥ ತುಂಡುಗಳಾಗಿ ಕೊಯ್ದು, ಮರಳಿ ಇಡಲು ಅನುಕೂಲವಾಗುವಂತೆ ಸಾಲಾಗಿ ಜೋಡಿಸಿದೆ. ಒಂದು ಗೇಣು ಒಳಗೆ ಹೋದಾಗ ಫೋಮ್ ಒದ್ದೆ ಬಟ್ಟೆಯಂತಾಯಿತು. ಅದರೊಳಗೆ ಒಂದು ಬಿಲ, ಬಿಲದಲ್ಲಿ ಹರಿದ ಗೋಣಿಯ ನಾರು. ಪಕ್ಕದಲ್ಲಿ ಮುಕ್ಕಾಲು ಇಂಚಿನ ಪಾರದರ್ಶಕ ಹೋಸ್ ಮೇಲೆ ಇಲಿ ಹಲ್ಲಿನ ಗೀರು, ಗೀರಿನ ನಡುವೆ ಬೆಂಕಿಕಡ್ಡಿಯ ತಲೆ ತೂರುವಷ್ಟು ತೂತು. ಶೆಡ್ಡಿನಲ್ಲಿದ್ದ ಆರು ತಿಂಗಳಲ್ಲಿ ಇಲಿ ಸಂಸಾರ ಹೂಡಿತ್ತು.

ಅಲ್ಲಿಂದ ಮುಂದೆ ಕೆಲಸ ಸುಲಭ. ಕಡಿದ ಭಾಗ ಕತ್ತರಿಸಿ ತೆಗೆದು, ಹೊಸ ಹೋಸಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆದುವಾಗಿಸಿ ಕನೆಕ್ಟರಿಗೆ ಏರಿಸಿ, ಸ್ಟೀಲ್ ಕ್ಲಿಪ್ ಬಿಗಿದೆವು. ಒಡೆದದ್ದು ದೊಡ್ಡ ಪೈಪಾಗಿದ್ದರೆ ಬೇರೆಯೇ ತಾಪತ್ರಯ ಇತ್ತು. ಈ ಆಮದು ತೊಟ್ಟಿಗಳ ಎರಡು ಇಂಚಿನ ಪೈಪಿನ ಹೊರವ್ಯಾಸ 60.3 ಮಿ.ಮೀ. ತೋಟಕ್ಕೆ ಹಾಕುವ ನಮ್ಮ ಪಿವಿಸಿ ಪೈಪು 63. ಎರಡಕ್ಕೂ ಅಂಗಡಿಯಲ್ಲಿ ‘ಎರಡಿಂಚು’ ಎಂದೇ ಹೆಸರು, ಒಂದಕ್ಕೊಂದು ಕೂರುವುದಿಲ್ಲ. ಶೆಡ್ಯೂಲ್ 40 ಪೈಪು ಎಂದು ಕೇಳಿ ತರಬೇಕು.

ಹೀಟರಿನ ಹನಿಯನ್ನೂ ಬಿಡಲಿಲ್ಲ. ಎರಡೂ ಬದಿಯ ವಾಲ್ವ್ ಮುಚ್ಚಿದ್ದರಿಂದ ತೊಟ್ಟಿ ಖಾಲಿ ಮಾಡುವ ಪ್ರಮೇಯ ಬರಲಿಲ್ಲ. ಎಪಾಕ್ಸಿ ಕೆತ್ತಿ ಯೂನಿಯನ್ ಬಿಚ್ಚಿದರೆ ಒಳಗಿನ ಓ-ರಿಂಗ್ ಒಣಗಿ ಚಪ್ಪಟೆಯಾಗಿತ್ತು. ಹೊರಗೆ ಎಷ್ಟು ಮೆತ್ತಿದರೂ, ಟೆಫ್ಲಾನ್ ಟೇಪ್ ಸುತ್ತಿದರೂ ಉಪಯೋಗವಿಲ್ಲ. ಅಲ್ಲಿ ನೀರು ತಡೆಯುವುದು ಮರೆಯಲ್ಲ, ಓ-ರಿಂಗ್. ಕ್ಲೋರಿನ್ ಮತ್ತು ಬಿಸಿ ತಡೆಯುವ ಇಪಿಡಿಎಂ ರಬ್ಬರಿನದು ಹಾಕಿ, ಸಿಲಿಕೋನ್ ಗ್ರೀಸ್ ಸವರಿ, ಕೈಯಲ್ಲೇ ಬಿಗಿದರು ಮಾವ. ಗಾಡಿಯ ಗ್ರೀಸ್, ವ್ಯಾಸಲಿನ್ ಹಚ್ಚಿದರೆ ಆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಗೌಡರು ಅಷ್ಟರಲ್ಲಿ ಆರ್‌ಸಿಸಿಬಿ ತರಿಸಿ ಎಲೆಕ್ಟ್ರಿಷಿಯನ್ನಿನಿಂದ ಹಾಕಿಸಿದ್ದರು. ನೀರು ಪೂರಾ ಏರಿದ ಮೇಲೆಯೇ ಪಂಪು ಹಾಕಿದೆವು, ಏಕೆಂದರೆ ಮಟ್ಟ ಇಳಿದು ಗಾಳಿ ಎಳೆದರೆ ಪಂಪಿನ ಶಾಫ್ಟ್ ಸೀಲ್ ತಣಿಸಲು ನೀರಿಲ್ಲದೆ ಸುಟ್ಟುಹೋಗುತ್ತದೆ. ಫೋಮನ್ನು ಆ ದಿನ ಮರಳಿ ಇಡಲಿಲ್ಲ. ಪೈಪುಗಳ ಕೆಳಗೆ ಹಳೆಯ ಪೇಪರ್ ಹಾಸಿ ಒಂದು ಹಗಲು, ಒಂದು ರಾತ್ರಿ ಬಿಟ್ಟೆವು. ಒಂದು ಹನಿ ಬಿದ್ದರೂ ಪೇಪರ್ ಹೇಳುತ್ತದೆ. ಒಣಗಿಯೇ ಇತ್ತು. ಆಮೇಲೆ ಫೋಮಿನ ಇಟ್ಟಿಗೆಗಳನ್ನು ಒಣಗಿಸಿ ಜೋಡಿಸಿ, ತಳದ ಸಂದಿಗೆಲ್ಲ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಬಡಿದೆವು. ಕೋಳಿಗೂಡಿನ ಜಾಲರಿಯಲ್ಲಿ ಇಲಿಮರಿ ಸರಾಗವಾಗಿ ತೂರುತ್ತದೆ.

ಬಿಲ್ ಬರೆಯುವಾಗ ಮಾತ್ರ ನನಗೂ ಮಾವನಿಗೂ ಜಟಾಪಟಿಯಾಯಿತು. ಹೋಸ್, ಕ್ಲಿಪ್, ಓ-ರಿಂಗ್, ಜಾಲರಿ ಎಂದು ಬರೆದು, ಹೋಸ್ ಹಾಕಿದ ದಿನದ ಕೂಲಿಯನ್ನಷ್ಟೇ ಸೇರಿಸಿದರು. ಬಕೆಟ್ ಇಟ್ಟ ದಿನದ್ದು, ಫೋಟೊ ನೋಡಿ ಲೆಕ್ಕ ಹಾಕಿದ್ದು ಎಲ್ಲಿ ಎಂದು ಕೇಳಿದೆ. ‘ನೋಡಿದ್ದಕ್ಕೆಲ್ಲ ಯಾರು ದುಡ್ಡು ಕೊಡ್ತಾರೆ?’ ಎಂದರು. ಡಾಕ್ಟರು ನೋಡಿದ್ದಕ್ಕೇ ತಗೊಳ್ಳೋದು, ಔಷಧಿ ದುಡ್ಡು ಬೇರೆ ಎಂದೆ. ಜಗಲಿಯ ಮೇಲೆ ಕುಳಿತು ನಮ್ಮ ಮಾತು ಕೇಳುತ್ತಿದ್ದ ಗೌಡರ ತಾಯಿ ನಕ್ಕರು. ಮಾವ ಪೆನ್ನನ್ನೂ ಬಿಲ್ ಪುಸ್ತಕವನ್ನೂ ನನ್ನ ಕಡೆ ತಳ್ಳಿ, ‘ಹಂಗಾದ್ರೆ ಆ ಸಾಲು ನೀನೇ ಬರಿ’ ಎಂದರು. ‘ಸೋರಿಕೆ ಪತ್ತೆ, ಒಂದು ದಿನ’ ಎಂದು ಬರೆದೆ. ಗೌಡರು ಓದಿ, ಏನೂ ಹೇಳದೆ ಒಳಗೆ ಹೋಗಿ ಹಣ ತಂದರು.