ವಿಡಿಯೋ ಓಡಿತು, ಹಪ್ಪಳ ಒಣಗಲಿಲ್ಲ

2022ರ ಏಪ್ರಿಲ್ ಕೊನೆಯ ವಾರ. ಯೂಟ್ಯೂಬಿಗೆ ಕೃಷಿ ವಿಡಿಯೋ ಮಾಡುವ ಹುಡುಗನೊಬ್ಬ ನಮ್ಮಲ್ಲಿಗೆ ಬಂದಿದ್ದ. ಅಂಗಳದ ತುಂಬ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸಿದ್ದೆವು. ಜಗಲಿಯಲ್ಲಿ ನನ್ನ ಹೆಂಡತಿ, ಅತ್ತಿಗೆ, ನೆರೆಮನೆಯ ಇಬ್ಬರು ಹೆಂಗಸರು ಒತ್ತುತ್ತಾ ಕೂತಿದ್ದರು. ಹುಡುಗ ಎಲ್ಲವನ್ನೂ ಚಿತ್ರೀಕರಿಸಿದ, ಚಾ ಕುಡಿದ, ನನ್ನ ಫೋನ್ ನಂಬರ್ ಬರೆದುಕೊಂಡು ಹೋದ. ದುಡ್ಡೇನೂ ಕೇಳಲಿಲ್ಲ. ಖರ್ಚಿಲ್ಲದ ಪ್ರಚಾರ ಅಂತ ನನಗೆ ಒಳಗೊಳಗೇ ಖುಷಿ.

ಮೂರನೇ ದಿನದಿಂದ ಫೋನು ಸುಮ್ಮನೆ ಕೂರಲೇ ಇಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮುಂಬಯಿ. ತೋಟಕ್ಕೆ ನೀರು ಬಿಡುವಾಗಲೂ ಕಿವಿಗೆ ಫೋನು, ದನಕ್ಕೆ ಹುಲ್ಲು ಹಾಕುವಾಗಲೂ ಫೋನು. ಹನ್ನೊಂದು ದಿನಗಳಲ್ಲಿ ಪುಸ್ತಕದಲ್ಲಿ 412 ಜನರ ಆರ್ಡರು ಬರೆದಾಗಿತ್ತು. ಐವತ್ತು ಹಪ್ಪಳದ ಕಟ್ಟಿನ ಲೆಕ್ಕದಲ್ಲಿ ಸುಮಾರು 900 ಕಟ್ಟು. ಕಟ್ಟಿಗೆ 130 ರೂಪಾಯಿ. ನಾನು ಮನಸ್ಸಿನಲ್ಲೇ ಗುಣಿಸಿದೆ, ಲಕ್ಷ ದಾಟಿತು!

ಆದರೆ ಗುಣಿಸಬೇಕಾದ ಇನ್ನೊಂದು ಲೆಕ್ಕ ಇತ್ತು. ಅದನ್ನು ಮಾಡಿದವಳು ಹೆಂಡತಿ. 900 ಕಟ್ಟು ಅಂದರೆ 45,000 ಹಪ್ಪಳ. ಬಲಿತ ಬಕ್ಕೆ ಹಲಸಿನ ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಒತ್ತಿ ಬಿಸಿಲಿಗೆ ಹಾಕಲು ನಾಲ್ಕು ಜನ ಕೂತರೆ ದಿನಕ್ಕೆ 400 ಆಗುತ್ತದೆ. ಅಂದರೆ 112 ದಿನದ ಕೆಲಸ. ಮಳೆಗಾಲಕ್ಕೆ ಉಳಿದದ್ದು ಮೂರು ವಾರ. ಡಬ್ಬಿಯಲ್ಲಿದ್ದ ದಾಸ್ತಾನು 70 ಕಟ್ಟು. "ಇನ್ನು ಯಾರಿಗೂ ಕೊಡ್ತೇವೆ ಅಂತ ಹೇಳ್ಬೇಡಿ" ಅಂದಳು. ನಾನು ಕೇಳಲಿಲ್ಲ. ಅಷ್ಟರಲ್ಲಿ 160 ಜನ ಮುಂಗಡ ಹಣ ಫೋನಿಗೇ ಹಾಕಿ ಆಗಿತ್ತು, ಒಟ್ಟು 350 ಕಟ್ಟಿನದ್ದು.

ಮೇ ಮೂರನೇ ವಾರ ಕರಾವಳಿಯಲ್ಲಿ ಬಿದ್ದ ಮಳೆ ನಿಮಗೂ ನೆನಪಿರಬಹುದು. ಮೋಡ ಮುಚ್ಚಿದ ಮೇಲೆ ಹಪ್ಪಳದ ಕತೆ ಮುಗಿಯಿತು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಲು ನೋಡಿದೆವು, ಹೊಗೆಯ ವಾಸನೆ ಹಿಡಿಯಿತು, ಒಂದಷ್ಟಕ್ಕೆ ಬೂಷ್ಟು ಬಂತು. ಎಲ್ಲ ಸೇರಿ ನಮ್ಮ ಕೈಯಲ್ಲಿ ಆದದ್ದು 110 ಕಟ್ಟು. ಉಳಿದ 240 ಕಟ್ಟಿಗೆ ಏನು ಮಾಡುವುದು?

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆ ಆಗುತ್ತದೆ. ಬೇರೆ ಊರಿನಿಂದ ಸಗಟಿಗೆ ಹಪ್ಪಳ ತಂದೆ. ನಮ್ಮ ಹೆಸರಿನ ಚೀಟಿ ಅಂಟಿಸಿ ಕಳುಹಿಸಿದೆ. ಮನೆಯಲ್ಲಿ ಇದಕ್ಕೆ ಯಾರೂ ಒಪ್ಪಿರಲಿಲ್ಲ.

ವಾರದೊಳಗೆ ದೂರು ಶುರು. ಹಲಸಿನ ಪರಿಮಳವೇ ಇಲ್ಲ, ಹಿಟ್ಟು ಬೆರೆಸಿದ ಹಾಗೆ ಉಂಟು ಎಂದರು. ವಿಡಿಯೋದ ಕೆಳಗೂ ಬರೆದರು. ಅದೂ ಪರವಾಗಿಲ್ಲ. ನಾಲ್ಕು ವರ್ಷದಿಂದ ತಪ್ಪದೆ ತರಿಸುತ್ತಿದ್ದ ಮೈಸೂರಿನ ಒಬ್ಬರು ಟೀಚರು ಫೋನ್ ಮಾಡಿ ಜಗಳ ಆಡಲಿಲ್ಲ, "ಇದು ನಿಮ್ಮ ಮನೆಯದ್ದಲ್ಲ ಅಲ್ವಾ?" ಅಂತ ಮಾತ್ರ ಕೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಮುಂಗಡ ಕೊಟ್ಟ 160 ಜನರಿಗೂ ವಾಟ್ಸಾಪಿನಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದೆ. ಹಣ ಬೇಕಾದವರು ಹೇಳಿ ಎಂದೆ. 31 ಜನ ಕೇಳಿದರು, 62 ಕಟ್ಟಿನ 8,060 ರೂಪಾಯಿ ಹಿಂತಿರುಗಿಸಿದೆ. ಮುಂಗಡ ಕೊಡದ 252 ಜನರಿಗೆ ಈ ವರ್ಷ ಆಗುವುದಿಲ್ಲ ಎಂದು ಒಬ್ಬೊಬ್ಬರಿಗೇ ಹೇಳಿ ಮುಗಿಸಲು ಜೂನ್ ಕಳೆಯಿತು.

ಹೆಸರು ಹಬ್ಬಿಸುವವರು ಬಂದರು

ಈ ಗಲಾಟೆಯ ನಡುವೆ ಮತ್ತೊಬ್ಬ ಮಹಾಶಯ ಬಂದಿದ್ದ. ತಿಂಗಳಿಗೆ 8,000 ಕೊಟ್ಟರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ನಮ್ಮ 'ಬ್ರ್ಯಾಂಡ್' ಬೆಳೆಸಿ ಕೊಡುತ್ತಾನಂತೆ. ವರ್ಷಕ್ಕೆ 96,000! ಹಪ್ಪಳದ ಇಡೀ ವಹಿವಾಟೇ ಅಷ್ಟಿಲ್ಲ. ಫೇಸ್‌ಬುಕ್ಕಿನವರು 2018ರ ಜನವರಿಯಲ್ಲಿ ಲೆಕ್ಕಾಚಾರ ಬದಲಿಸಿ, ಮನೆಯವರು ಸ್ನೇಹಿತರು ಹಾಕಿದ್ದನ್ನು ಮುಂದೆ ಮಾಡಿ, ವ್ಯಾಪಾರದ ಪುಟಗಳನ್ನು ಹಿಂದೆ ತಳ್ಳಿದರು. ಪುಟ ತೆರೆದ ಮಾತ್ರಕ್ಕೆ ಎಲ್ಲರಿಗೂ ಕಾಣುವುದಿಲ್ಲ, ಕಾಣಬೇಕಾದರೆ ಅವರಿಗೂ ದುಡ್ಡು ಕಟ್ಟಬೇಕು. ವರ್ಷವಿಡೀ ಮಾಲು ಇರುವ ಕಂಪೆನಿಗೆ ಇದು ಸರಿಹೋಗಬಹುದು. ಎರಡು ತಿಂಗಳ ಬಿಸಿಲನ್ನು ನಂಬಿದ ನಮಗಲ್ಲ.

ಹಾಗಂತ ಫೋನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 2021ರಲ್ಲಿ ಬಾಳೆಗೆ ಬೆಲೆ ಇಲ್ಲದಿದ್ದಾಗ ಬಾಕಾಹು, ಅಂದರೆ ಬಾಳೆಕಾಯಿ ಹುಡಿ, ವಾಟ್ಸಾಪ್ ಗುಂಪುಗಳ ಮೂಲಕವೇ ಮನೆಮನೆಗೆ ಹಬ್ಬಿತು. ಆ ಜುಲೈ ತಿಂಗಳ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರೂ ಅದನ್ನು ಪ್ರಸ್ತಾಪಿಸಿದರು. ಆದರೆ ಅಲ್ಲಿ ಹಬ್ಬಿದ್ದು ಮಾಡುವ ಕ್ರಮ, ದೋಸೆಯ ಫೋಟೋ, ಅನುಭವ. ಹತ್ತಾರು ಮನೆಯವರು ತಮ್ಮ ತಮ್ಮ ಗೊನೆಯನ್ನೇ ಕತ್ತರಿಸಿ ಹುಡಿ ಮಾಡಿದರು. ಭಾರ ಒಬ್ಬನ ತಲೆಗೆ ಬೀಳಲಿಲ್ಲ.

ಈಗ ಹೇಗೆ

2023ರಿಂದ ನಾನು ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಕೊಂಡಿದ್ದೇನೆ. ಗುಂಪು ಅಲ್ಲ. ಗುಂಪಿನಲ್ಲಿ ಹಪ್ಪಳದ ಸುದ್ದಿಗಿಂತ ಗುಡ್ ಮಾರ್ನಿಂಗೇ ಹೆಚ್ಚು. ಪಟ್ಟಿಯಾದರೆ ನಾವು ಕಳಿಸಿದ್ದು ಒಬ್ಬೊಬ್ಬರಿಗೂ ಪ್ರತ್ಯೇಕ ಹೋಗುತ್ತದೆ. ಒಂದು ಪಟ್ಟಿಗೆ 256 ಜನ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲಪುತ್ತದೆ. ಇದು ಕೊರತೆ ಅಂತ ಕೆಲವರು ಹೇಳುತ್ತಾರೆ, ನನಗೆ ಇದೇ ಜರಡಿ. ಬೇಕಾದವರು ಸೇವ್ ಮಾಡುತ್ತಾರೆ, ಉಳಿದವರಿಗೆ ಉಪದ್ರ ಇಲ್ಲ.

ಮೊದಲು ಡಬ್ಬಿ ತುಂಬಬೇಕು, ಆಮೇಲೆ ಸುದ್ದಿ. ಇಷ್ಟು ಕಟ್ಟು ಉಂಟು, ಬೆಲೆ ಇಷ್ಟು, ಅಂಚೆ ಖರ್ಚು ಇಷ್ಟು ಎಂದು ಒಂದೇ ಫೋಟೋದ ಜೊತೆ ಬರೆಯುತ್ತೇನೆ. ಕೇಳಿದವರಿಗೆ ಬೆಲೆ ಹೇಳುವುದು ಅಂತ ಇಟ್ಟುಕೊಂಡರೆ ದಿನ ಪೂರ್ತಿ ಫೋನಿನಲ್ಲೇ ಹೋದೀತು. ಮುಗಿದ ಕೂಡಲೇ ಮುಗಿಯಿತು ಎಂದು ಇನ್ನೊಂದು ಸಂದೇಶ. ಮಳೆ ಬಂದರೆ ಖಾಲಿ ಚಾಪೆಯ ಫೋಟೋ. ತಮಾಷೆ ಅಂದರೆ ಆ ಫೋಟೋಕ್ಕೇ ಉತ್ತರ ಜಾಸ್ತಿ ಬರುವುದು.

ಹೆಸರು, ವಿಳಾಸ ಎಲ್ಲ ಈಗಲೂ ನೋಟ್‌ಬುಕ್ಕಿನಲ್ಲಿ ಉಂಟು. 2021ರ ಅಕ್ಟೋಬರ್ 4ರಂದು ವಾಟ್ಸಾಪ್, ಫೇಸ್‌ಬುಕ್ ಎಲ್ಲ ಸುಮಾರು ಆರು ಗಂಟೆ ನಿಂತೇ ಹೋಗಿತ್ತಲ್ಲ, ಆಮೇಲಿನ ಅಭ್ಯಾಸ ಇದು.

ಇನ್ನೊಂದು ಎಚ್ಚರಿಕೆ. ಸೈನ್ಯದವ ಎಂದು ಹೇಳಿಕೊಂಡು ಒಬ್ಬ ನೂರು ಕಟ್ಟು ಕೇಳಿದ. ಚೌಕಾಸಿ ಇಲ್ಲ. ಹಣ ಬರಬೇಕಾದರೆ ಅವನು ಕಳಿಸಿದ ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕಂತೆ. ಹಣ ಪಡೆಯಲು ಪಿನ್ ಬೇಡ, ಕೊಡಲು ಮಾತ್ರ ಬೇಕು. ಮಗ ಹತ್ತಿರ ಇದ್ದ ಕಾರಣ ಬಚಾವಾದೆ.

2025ರ ಸೀಸನಿನಲ್ಲಿ 230 ಕಟ್ಟು ಮಾಡಿದೆವು, ಪಟ್ಟಿಯವರಿಗೇ ಮುಗಿಯಿತು. ಒತ್ತುವ ಹೆಂಗಸರಿಗೆ ಕಟ್ಟಿನ ಲೆಕ್ಕದಲ್ಲಿ ಕೂಲಿ, ಅದನ್ನು ಮೊದಲು ತೆಗೆದಿಡುವುದು. ಮೈಸೂರಿನ ಟೀಚರು ಎರಡು ವರ್ಷ ಸುದ್ದಿ ಇರಲಿಲ್ಲ. ಆ ಮೇ ತಿಂಗಳಲ್ಲಿ ಒಂದು ಕಟ್ಟು ಕೇಳಿ ಬರೆದರು. ಕಳುಹಿಸಿದ್ದೇನೆ. ಚೆನ್ನಾಗಿತ್ತು ಅಂತಲೂ ಹೇಳಲಿಲ್ಲ, ಚೆನ್ನಾಗಿಲ್ಲ ಅಂತಲೂ ಹೇಳಲಿಲ್ಲ.