ನಿಮಗಿದು ಗೊತ್ತೇ? ಪುಣೆಯ ಬಾಲ್ಕನಿ ಮತ್ತು ಸಕ್ಯುಲೆಂಟ್ ಗಿಡಗಳು

ಪುಣೆಯ ಮನೆಗಳಲ್ಲಿ ಸಕ್ಯುಲೆಂಟ್ ಗಿಡಗಳು ಬಿಸಿಲಿಗೆ ಸಾಯುವುದಕ್ಕಿಂತ ನೀರಿಗೆ ಸಾಯುವುದೇ ಹೆಚ್ಚು. ಎಲೆ, ಕಾಂಡ ಅಥವಾ ಬೇರಿನಲ್ಲಿ ನೀರು ಕೂಡಿಟ್ಟುಕೊಂಡು ಬದುಕುವ ಗಿಡಗಳಿಗೆಲ್ಲ ಈ ಒಂದೇ ಹೆಸರು. ಲೋಳೆಸರ, ಕಳ್ಳಿ, ಕತ್ತಾಳೆ, ಕಾಡುಬಸಳೆ ಎಲ್ಲವೂ ಇದೇ ಬಳಗ. ಪುಣೆ ನಗರಕ್ಕೆ ವರ್ಷಕ್ಕೆ ಸರಾಸರಿ 700 ಮಿಲಿಮೀಟರಿಗಿಂತ ತುಸು ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದುಹೋಗುತ್ತದೆ. ಮಿಕ್ಕ ಎಂಟು ತಿಂಗಳು ಈ ಗಿಡಗಳಿಗೆ ಹೇಳಿ ಮಾಡಿಸಿದ ಹವೆ. ಮಳೆಗಾಲದ ನಾಲ್ಕು ತಿಂಗಳು ಕುಂಡಗಳನ್ನು ಸೂರಿನ ಕೆಳಗೆ, ಗಾಳಿ ಆಡುವ ಕಡೆ ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಜಗತ್ತಿನ ಅಪರೂಪದ ಸಕ್ಯುಲೆಂಟುಗಳಲ್ಲೊಂದು ಪುಣೆ ಜಿಲ್ಲೆಯ ಬಂಡೆಗಳಲ್ಲೇ ಹುಟ್ಟಿ ಬೆಳೆಯುತ್ತದೆ! ಅದರ ಹೆಸರು ಫ್ರೇರಿಯಾ ಇಂಡಿಕಾ, ಮರಾಠಿಯಲ್ಲಿ ಶಿಂದಳ ಮಾಕಡಿ. ಶಿವಾಜಿ ಮಹಾರಾಜರು ಹುಟ್ಟಿದ ಶಿವನೇರಿ ಕೋಟೆ, ಅದರ ಪಕ್ಕದ ಜುನ್ನರ್ ಬೆಟ್ಟಗಳು, ಪುರಂದರ ಕೋಟೆ, ಸಾತಾರದ ಸಜ್ಜನಗಡ, ಹೀಗೆ ಸಹ್ಯಾದ್ರಿಯ ಕೆಲವೇ ಕಡಿದಾದ ಬಂಡೆಗಳಲ್ಲಿ ಅದರ ವಾಸ. ಮಹಾರಾಷ್ಟ್ರ ಬಿಟ್ಟರೆ ಬೇರೆಲ್ಲೂ ಕಾಡುಗಿಡವಾಗಿ ಸಿಗುವುದಿಲ್ಲ. ಸಸ್ಯವಿಜ್ಞಾನಿ ನಿಕೋಲಸ್ ಡಾಲ್ಜೆಲ್ 1860ರ ದಶಕದಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿ, ಆಗ ಮುಂಬಯಿ ಪ್ರಾಂತ್ಯದ ಗವರ್ನರ್ ಆಗಿದ್ದ ಬಾರ್ಟಲ್ ಫ್ರೇರ್ ಅವರ ಹೆಸರಿಟ್ಟರು.

ಈ ಗಿಡವನ್ನು ಹತ್ತಿರದಿಂದ ನೋಡಬೇಕು. ಬೆರಳು ದಪ್ಪದ ಮೆತ್ತನೆಯ ಕಾಂಡಗಳು ಬಂಡೆಯ ಬಿರುಕಿನಿಂದ ಕೆಳಕ್ಕೆ ಜೋತು ಬಿದ್ದಿರುತ್ತವೆ. ಇದರ ಹತ್ತಿರದ ಸಂಬಂಧಿಗಳಾದ ಕ್ಯಾರಲುಮಾ ಗಿಡಗಳಲ್ಲಿ ಎಲೆ ಎಂಬುದು ಹೆಸರಿಗೆ ಮಾತ್ರ, ಇದರಲ್ಲಿ ಮಾತ್ರ ಮಳೆ ಬಿದ್ದೊಡನೆ ದಪ್ಪನೆಯ ಹಸಿರೆಲೆಗಳು ತುಂಬಿಕೊಳ್ಳುತ್ತವೆ. ಮಳೆ ನಿಂತು ಬಿಸಿಲು ಏರಿದ ಮೇಲೆ ಎಲೆಗಳೆಲ್ಲ ಉದುರಿ, ಬೋಳು ಕಾಂಡವೇ ಬೇಸಗೆ ಕಳೆಯುತ್ತದೆ. ಹೂವು ಐದು ಮೂಲೆಯ ನಕ್ಷತ್ರ, ಬಣ್ಣ ಕಡುಗೆಂಪು, ಮೇಲೆ ಹಳದಿ ಮಚ್ಚೆ. ನೊಣಗಳನ್ನು ಕರೆಯುವುದೇ ಅದರ ವಾಸನೆಯ ಕೆಲಸ, ಪರಾಗ ಸಾಗಿಸುವವು ಅವೇ. ಇಷ್ಟು ಚೆಂದದ ಗಿಡ ಕಣ್ಣಿಗೆ ಬಿದ್ದರೆ ಕಿತ್ತು ತರುವ ಆಸೆ ಹುಟ್ಟುವುದು ಸಹಜ, ಅದು ಅಳಿವಿನಂಚಿಗೆ ಬಂದದ್ದರಲ್ಲಿ ಆ ಆಸೆಯ ಪಾಲೂ ಇದೆ. ಕಾಡಿನಿಂದ ಕಿತ್ತ ಗಿಡ ರಫ್ತಾಗದಂತೆ ಭಾರತ ಸರ್ಕಾರ ಇದರ ಹೆಸರನ್ನು ನಿಷೇಧಿತ ಸಸ್ಯಗಳ ಪಟ್ಟಿಗೆ ಸೇರಿಸಿತ್ತು. ಕಡ್ಡಿ ಊರಿದರೆ ಸುಲಭವಾಗಿ ಬೇರು ಬಿಡುವ ಗಿಡವಿದು, ತೋಟದಲ್ಲಿ ಕಡ್ಡಿಯಿಂದ ಬೆಳೆಸಿದ ಗಿಡ ಸಿಕ್ಕರೆ ಸಾಕಿ. ಚಾರಣಕ್ಕೆ ಹೋದಾಗ ಬೆಟ್ಟದಲ್ಲಿ ಕಂಡರೆ ಫೋಟೊ ತೆಗೆದು ಅಲ್ಲೇ ಬಿಟ್ಟು ಬನ್ನಿ.

ಧೋ ಎಂದು ಮಳೆ ಸುರಿಯುವ ಸಹ್ಯಾದ್ರಿಯಲ್ಲಿ ಶಿಂದಳ ಮಾಕಡಿ ಕೊಳೆಯದೇ ಉಳಿಯುವುದು ಹೇಗೆ? ಅದು ನಿಂತಿರುವ ಬಂಡೆ ಕಡಿದು. ಬಿದ್ದ ನೀರು ಆಗಿಂದಾಗಲೇ ಜಾರಿಹೋಗುತ್ತದೆ, ಬೇರಿಗೆ ಸಿಗುವುದು ಬಿರುಕಿನ ಹಿಡಿ ಮಣ್ಣಿನ ತೇವ ಮಾತ್ರ. ಮಳೆ ಎಷ್ಟು ಬಿತ್ತು ಎನ್ನುವುದಕ್ಕಿಂತ ನೀರು ಎಷ್ಟು ಹೊತ್ತು ನಿಂತಿತು ಎನ್ನುವುದೇ ಇಲ್ಲಿ ಮುಖ್ಯ. ನಿಮ್ಮ ಕುಂಡದಲ್ಲೂ ಲೆಕ್ಕ ಅದೇ.

ಪುಣೆ ಸುತ್ತಲಿನ ಹೊಲಗಳ ಕಪ್ಪು ಎರೆಮಣ್ಣು ಜೋಳಕ್ಕೆ, ಕಬ್ಬಿಗೆ ಬಂಗಾರ. ಸಕ್ಯುಲೆಂಟ್ ಕುಂಡಕ್ಕೆ ಮಾತ್ರ ಅದನ್ನು ಹಾಕಲೇಬೇಡಿ. ಬಸಾಲ್ಟ್ ಕಲ್ಲು ಸವೆದು ಆದ ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ದಿನಗಟ್ಟಲೆ ಆರುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ. ಅದೇ ಬಸಾಲ್ಟ್ ಇನ್ನೂ ಪೂರ್ತಿ ಮಣ್ಣಾಗದೆ ಪುಡಿಪುಡಿಯಾಗಿ ಉಳಿದರೆ ಅದು ಪುಣೆಯವರ ಮುರುಮು, ನಮ್ಮ ಉತ್ತರ ಕರ್ನಾಟಕದವರ ಗರಸು. ಜರಡಿ ಹಿಡಿದು ಧೂಳು ತೆಗೆದ ಮುರುಮು, ದಪ್ಪ ಮರಳು, ಇಟ್ಟಿಗೆ ಚೂರು ಇವೇ ಮುಕ್ಕಾಲು ಪಾಲು ಇರಲಿ. ಉಳಿದ ಕಾಲು ಪಾಲಿಗೆ ಕೆಂಪುಮಣ್ಣು ಮತ್ತು ಎರೆಗೊಬ್ಬರ ಸಾಕು. ಮಣ್ಣಿನ ಕುಂಡವೇ ಮೇಲು, ಅದರ ಮೈಯಿಂದಲೂ ತೇವ ಆರುತ್ತದೆ. ತಳದಲ್ಲಿ ತೂತಿಲ್ಲದ ಪಿಂಗಾಣಿ ಬಟ್ಟಲು ನೋಡಲು ಎಷ್ಟೇ ಚೆನ್ನಾಗಿದ್ದರೂ ಬೇಡ.

ನರ್ಸರಿಯಿಂದ ತಂದ ಪುಟ್ಟ ಗಿಡಗಳು ಸಾಮಾನ್ಯವಾಗಿ ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೊಕೊಪೀಟ್‌ನಲ್ಲಿ ಬಂದಿರುತ್ತವೆ. ದೂರದ ಸಾಗಣೆಗೆ ಅದು ಹಗುರ ಮತ್ತು ಅನುಕೂಲ. ಆದರೆ ಒಮ್ಮೆ ನೆನೆದರೆ ಬಹಳ ಹೊತ್ತು ತೇವ ಹಿಡಿದಿಡುತ್ತದೆ. ತಂದ ವಾರದೊಳಗೆ ಬೇರಿಗಂಟಿದ ಪುಡಿ ಕೊಡವಿ, ಒಣ ಮಿಶ್ರಣದಲ್ಲಿ ನೆಟ್ಟು, ನಾಲ್ಕೈದು ದಿನ ನೀರು ಹಾಕದೆ ಬಿಡಿ. ಗಾಯವಾದ ಬೇರು ಅಷ್ಟರಲ್ಲಿ ಮಾಗುತ್ತದೆ.

ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ! ಇದನ್ನು ರುಚಿ ನೋಡಿ ಬರೆದಿಟ್ಟವರು ಬೆಂಜಮಿನ್ ಹೇಯ್ನ್. ಟಿಪ್ಪುವಿನ ನಂತರ, 19ನೇ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿ ಅವರೇ. ಭಾರತದಲ್ಲಿ ತಾವು ಕಂಡ ಈ ಸಂಗತಿಯನ್ನು ಅವರು ಪತ್ರದಲ್ಲಿ ತಿಳಿಸಿದರು, ಲಂಡನ್ನಿನ ಲಿನಿಯನ್ ಸೊಸೈಟಿ ಅದನ್ನು 1815ರಲ್ಲಿ ಪ್ರಕಟಿಸಿತು. ಕಾರಣ ಪೂರ್ತಿ ಬಿಡಿಸಿಕೊಂಡದ್ದು 20ನೇ ಶತಮಾನದಲ್ಲಿ. ಬಹುತೇಕ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ, ಆಗಲೇ ನೀರೂ ಆವಿಯಾಗಿ ಹೋಗುತ್ತದೆ. ಕಾಡುಬಸಳೆಯಂಥವು ರಂಧ್ರ ತೆರೆಯುವುದು ತಂಪು ರಾತ್ರಿಯಲ್ಲಿ. ಎಳೆದುಕೊಂಡ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿಸಿ ಎಲೆಯೊಳಗೆ ಬಚ್ಚಿಟ್ಟು, ಹಗಲಲ್ಲಿ ಬಾಗಿಲು ಮುಚ್ಚಿಕೊಂಡು ಅದರಿಂದ ಅಡುಗೆ ಮಾಡಿಕೊಳ್ಳುತ್ತವೆ. ಬೆಳಗಿನ ಹುಳಿ ಆ ಆಮ್ಲದ್ದು. ನಮ್ಮ ಹಿತ್ತಲಿನ ಗಿಡವೊಂದು ವಿಜ್ಞಾನದ ಇಷ್ಟು ದೊಡ್ಡ ಅಧ್ಯಾಯಕ್ಕೆ ಮೊದಲ ಸಾಲಾಯಿತು ಎನ್ನುವುದು ನನಗೆ ಹೆಮ್ಮೆಯ ವಿಷಯ.

ಹಾಗಾದರೆ ಮಲಗುವ ಕೋಣೆಯಲ್ಲಿ ಸ್ನೇಕ್ ಪ್ಲಾಂಟ್ ಇಟ್ಟರೆ ರಾತ್ರಿಯೆಲ್ಲ ಆಮ್ಲಜನಕ ಸಿಗುತ್ತದೆಯೇ? ಇಲ್ಲ. ರಾತ್ರಿ ಅದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ ನಿಜ, ಆದರೆ ಆಮ್ಲಜನಕ ತಯಾರಾಗಲು ಬೆಳಕು ಬೇಕೇ ಬೇಕು. ಗಾಳಿ ಶುದ್ಧಿಯ ಮಾತೂ ಅಷ್ಟೇ. ಆ ಮಾತಿಗೆ ಆಧಾರವಾದ ನಾಸಾದ 1989ರ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ಕಟ್ಟಡದ ಸಾಮಾನ್ಯ ಗಾಳಿಯಾಟ ಮಾಡುವಷ್ಟು ಕೆಲಸ ಗಿಡಗಳೇ ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕಾಗುತ್ತದೆ ಎಂದು 2019ರ ಒಂದು ವಿಮರ್ಶಾ ಅಧ್ಯಯನ ಲೆಕ್ಕ ಕೊಟ್ಟಿತು. ಗಿಡವನ್ನು ಅದರ ಚೆಲುವಿಗಾಗಿ ತನ್ನಿ, ಗಾಳಿಗೆ ಕಿಟಕಿ ತೆರೆಯಿರಿ.

ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಎಲೆ ಕತ್ತರಿಸಿ ನೆಟ್ಟರೆ ಹುಟ್ಟುವ ಮರಿಗೆ ಹಳದಿ ಅಂಚೇ ಇರುವುದಿಲ್ಲ! ಅಂಚು ಉಳಿಯಬೇಕೆಂದರೆ ಬುಡದ ಗೆಡ್ಡೆ ಸಮೇತ ಮರಿಯನ್ನೇ ಬೇರ್ಪಡಿಸಬೇಕು.

ನಮ್ಮ ಹೊಲದ ಬೇಲಿಯ ಎಲೆಗಳ್ಳಿ, ಬೊಂತೆಗಳ್ಳಿ ಯಾವುದೂ ಕ್ಯಾಕ್ಟಸ್ ಅಲ್ಲ. ಅವು ಯುಫೋರ್ಬಿಯಾಗಳು, ಗೀರಿದರೆ ಬಿಳಿ ಹಾಲು ಸುರಿಯುತ್ತದೆ, ಕಣ್ಣಿಗೆ ಬಿದ್ದರೆ ತೀವ್ರ ಅಪಾಯ. ಮಕ್ಕಳಿರುವ ಮನೆಯಲ್ಲಿ ಕೈಗೆಟಕುವಂತೆ ಇಡಬಾರದು. ನಿಜವಾದ ಕ್ಯಾಕ್ಟಸ್ ಜಾತಿಗಳು, ಒಂದೇ ಒಂದನ್ನು ಬಿಟ್ಟು, ಎಲ್ಲವೂ ಅಮೆರಿಕ ಖಂಡಗಳವು.

ಪಾಪಾಸುಕಳ್ಳಿಯೂ ಅಲ್ಲಿಂದಲೇ ಬಂದದ್ದು. ಅದರ ಮೇಲೆ ಕೆಂಪು ಬಣ್ಣ ಕೊಡುವ ಕೊಚಿನೀಲ್ ಕೀಟ ಸಾಕುವ ಆಸೆಯಿಂದ 1795ರಲ್ಲಿ ಭಾರತಕ್ಕೆ ತಂದ ಕೀಟ ಬೇರೆಯದೇ ಜಾತಿಯದಾಗಿತ್ತು. ಒಳ್ಳೆಯ ಬಣ್ಣ ಸಿಗಲಿಲ್ಲ, ಆದರೆ ಅದು ಪಾಪಾಸುಕಳ್ಳಿಯ ಒಂದು ಜಾತಿಯನ್ನು ಊರೂರುಗಳಲ್ಲಿ ತಿಂದು ಮುಗಿಸಿತು. ಕಳೆಯನ್ನು ಕೀಟದಿಂದ ಹತೋಟಿಗೆ ತಂದ ಜಗತ್ತಿನ ಮೊದಲ ಯಶಸ್ಸು ಎಂದು ಇದನ್ನೇ ಹೆಸರಿಸುತ್ತಾರೆ.

ಈಗ ಆಯ್ಕೆಯ ಮಾತು. ನೆತ್ತಿಯ ಮೇಲೆ ಕೆಂಪು, ಹಳದಿ ಚೆಂಡು ಹೊತ್ತ ಮೂನ್ ಕ್ಯಾಕ್ಟಸ್ ಒಂದು ಗಿಡವಲ್ಲ, ಎರಡು. ಮೇಲಿನ ಚೆಂಡಿನಲ್ಲಿ ಹಸಿರು ದ್ರವ್ಯವೇ ಇಲ್ಲದ್ದರಿಂದ ಅದು ತಾನಾಗಿ ಬದುಕಲಾರದು, ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡದ ಮೇಲೆ ಕಸಿ ಕಟ್ಟಿರುತ್ತಾರೆ. ಬಹುತೇಕ ಕೆಲವೇ ವರ್ಷದ ಬಾಳು, ಮೊದಲ ಗಿಡವಾಗಿ ಇದು ಬೇಡ. ಪುಟ್ಟ ಕ್ಯಾಕ್ಟಸ್‌ನ ತಲೆಯ ಮೇಲೆ ಕಾಗದದಂತೆ ಗರಿಗರಿ ಹೂವಿದ್ದರೆ ಬುಡ ನೋಡಿ, ಅಂಟು ಹಾಕಿ ಕೂರಿಸಿದ್ದಿರಬಹುದು. ನೀಲಿ, ಗುಲಾಬಿ ಬಣ್ಣ ಬಳಿದ ಗಿಡವನ್ನು ಮುಟ್ಟಲೇ ಹೋಗಬೇಡಿ. ಬಣ್ಣದ ಕೆಳಗೆ ಎಲೆಗೆ ಬೆಳಕು ಸಿಗುವುದಿಲ್ಲ. ಎಲೆಗಳ ನಡುವೆ ಕಾಂಡ ಉದ್ದುದ್ದ ಕಾಣುತ್ತಿದ್ದರೆ ಗಿಡ ಕತ್ತಲಲ್ಲಿತ್ತು ಎಂದರ್ಥ. ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಕಂಡರೆ ಅದು ಹಿಟ್ಟುತಿಗಣೆ, ಮನೆಯ ಉಳಿದ ಗಿಡಗಳಿಗೂ ಹತ್ತುತ್ತದೆ.

ಜೇಡ್ ಎಂದು ಮಾರುವ ದುಂಡು ಎಲೆಯ ಗಿಡ ನಮ್ಮಲ್ಲಿ ಅನೇಕ ಸಲ ಜೇಡ್ ಆಗಿರುವುದೇ ಇಲ್ಲ. ಅದು ಪೋರ್ಚುಲಕಾರಿಯಾ, ದಕ್ಷಿಣ ಆಫ್ರಿಕದಲ್ಲಿ ಆನೆಗಳ ಮೇವು. ಬೇಸರ ಬೇಡ, ಪುಣೆಯ ಬಿಸಿಲಿಗೆ ಅದೇ ಹೆಚ್ಚು ಗಟ್ಟಿ. ಎಲೆ ಚಿಕ್ಕದು, ಕಾಂಡ ಕೆಂಪುಗಂದು, ಗೆಲ್ಲುಗಳು ಅಡ್ಡ ಹರಡುತ್ತವೆ, ಹೀಗೆ ಗುರುತಿಸಿ.

ಬಿಸಿಲು ನೇರ ಬೀಳದ ಕಿಟಕಿಗೆ ಹಾವೊರ್ಥಿಯಾ, ಗ್ಯಾಸ್ಟೀರಿಯಾ, ಸ್ನೇಕ್ ಪ್ಲಾಂಟ್. ಪೂರ್ವದ ಬಾಲ್ಕನಿಗೆ ಗುಲಾಬಿಯಂತೆ ಎಲೆ ಜೋಡಿಸಿಕೊಳ್ಳುವ ಎಚೆವೇರಿಯಾ. ಪಶ್ಚಿಮದ ಬೇಸಗೆಯ ಬಿಸಿಲಿಗೆ ಅಡೆನಿಯಂ, ಲೋಳೆಸರ, ಪೋರ್ಚುಲಕಾರಿಯಾ. ಎಚೆವೇರಿಯಾದ ಎಲೆಯ ಮೇಲಿನ ಬೂದಿಯಂಥ ಬಿಳಿ ಲೇಪ ಧೂಳಲ್ಲ, ಬಿಸಿಲಿನಿಂದ ಕಾಯುವ ಮೇಣ. ಒರೆಸಿದರೆ ಆ ಎಲೆಗೆ ಮತ್ತೆ ಬರುವುದಿಲ್ಲ.

ಲೋಳೆಸರದ ಎಲೆ ಕತ್ತರಿಸಿದಾಗ ಮೊದಲು ಸೋರುವ ಹಳದಿ ರಸ ಲೋಳೆಯಲ್ಲ. ಒಣಗಿಸಿದರೆ ಅದೇ ಕರಿಬೋಳ, ಹೊಟ್ಟೆಗೆ ಹೋದರೆ ಜೋರು ಭೇದಿ. ಲೋಳೆ ಬಳಸುವ ಮೊದಲು ಎಲೆಯನ್ನು ತುಸು ಹೊತ್ತು ನೆಟ್ಟಗೆ ನಿಲ್ಲಿಸಿ ಆ ರಸ ಬಸಿದುಹೋಗಲು ಬಿಡಿ.

ನೀರು ಯಾವಾಗ? ವಾರದ ಲೆಕ್ಕ ಹಾಕಬೇಡಿ, ತೆಳ್ಳನೆ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ತೆಗೆಯಿರಿ. ಒಣಗಿ ಬಂದರೆ ತೂತಿನಿಂದ ಹರಿಯುವಷ್ಟು ಹಾಕಿ, ತೇವವಿದ್ದರೆ ಬಿಡಿ. ಬಾಯಾರಿದ ಎಲೆ ಸುಕ್ಕುಗಟ್ಟಿ ಮೆತ್ತಗಾಗುತ್ತದೆ, ಅದು ಒಂದೇ ನೀರಿಗೆ ಚೇತರಿಸಿಕೊಳ್ಳುತ್ತದೆ. ನೀರು ಹೆಚ್ಚಾದ ಎಲೆ ಹಳದಿಗೆ ತಿರುಗಿ, ಗಾಜಿನಂತೆ ಪಾರಕವಾಗಿ, ಮುಟ್ಟಿದರೆ ಉದುರುತ್ತದೆ. ಆಗ ಕೊಳೆತ ಭಾಗ ಕತ್ತರಿಸಿ ಎಸೆದು, ಗಟ್ಟಿ ತುದಿಯನ್ನು ನೆರಳಿನಲ್ಲಿ ಒಣಗಿಸಿ ಹೊಸದಾಗಿ ನೆಡುವುದೊಂದೇ ದಾರಿ.

ಹೊಸ ಗಿಡ ತರಲು ಪುಣೆಯಲ್ಲಿ ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ. ಹಗಲು ಬಿಸಿಲು, ರಾತ್ರಿ ಚಳಿ, ಎಚೆವೇರಿಯಾದ ಎಲೆಯಂಚು ಕೆಂಪೇರುವುದೂ ಆಗಲೇ. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಸೋಲಾಪುರ ರಸ್ತೆಯಲ್ಲಿ ಹಡಪಸರ್‌ನಿಂದ ಉರುಳಿ ಕಾಂಚನ್ ಕಡೆಗೆ ಸಾಲು ಸಾಲು ನರ್ಸರಿಗಳಿವೆ. ಆಗ ತಂದ ಗಿಡಕ್ಕೆ ಜೂನ್‌ನ ಮೊದಲ ಮಳೆಯ ಹೊತ್ತಿಗೆ ಬೇರು ಹಿಡಿಯಲು ನಾಲ್ಕಾರು ತಿಂಗಳು ಸಿಗುತ್ತದೆ. ಜುಲೈನಲ್ಲಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ.